ಮನೇಲೇ ಇಂಜಿನ್ ಮೌಂಟಿಂಗ್ ಬದಲಾಯಿಸಬಹುದಾ? ಡ್ಯಾಶ್‌ಬೋರ್ಡ್ ಗಣಪ ನಡುಗುತ್ತಿದ್ದಾನೆ

ಮೈಸೂರು_ಸ್ವಿಫ್ಟ್ · ಭಾನುವಾರ ಬೆಳಗ್ಗೆ 10:12

ಎಲ್ಲರಿಗೂ ನಮಸ್ಕಾರ. ನನ್ನದು 2012ರ ಸ್ವಿಫ್ಟ್, ಪೆಟ್ರೋಲ್, ಮ್ಯಾನ್ಯುಯಲ್ ಗೇರ್. 1,12,000 ಕಿ.ಮೀ. ಓಡಿದೆ. ಇಷ್ಟು ದಿನ ಒಂದು ಕಾಟ ಕೊಟ್ಟಿಲ್ಲ. ಈಗ ಮೂರು ತಿಂಗಳಿಂದ ಸಿಗ್ನಲ್‌ನಲ್ಲಿ ನಿಂತರೆ ಸಾಕು, ಸ್ಟೇರಿಂಗ್, ಗೇರ್ ಲಿವರ್, ಸೀಟು ಎಲ್ಲ ನಡುಗುತ್ತದೆ. ಎ.ಸಿ. ಹಾಕಿದರೆ ಇನ್ನೂ ಜಾಸ್ತಿ. ಡ್ಯಾಶ್‌ಬೋರ್ಡ್ ಮೇಲೆ ಅಮ್ಮ ಅಂಟಿಸಿರುವ ಪುಟ್ಟ ಗಣಪ ಇದ್ದಾನೆ, ಅವನಿಗೆ ಚಳಿಜ್ವರ ಬಂದ ಹಾಗಿದೆ. ಒಂದನೇ ಗೇರ್‌ನಲ್ಲಿ ಕ್ಲಚ್ ಬಿಡುವಾಗ ಮುಂದೆ ಎಲ್ಲೋ 'ಟಕ್' ಅಂತ ಏಟು ಬೀಳುತ್ತದೆ. ರಿವರ್ಸ್‌ನಲ್ಲಿ ಆ ಏಟು ಇನ್ನೂ ಜೋರು.

ಹತ್ತಿರದ ಗ್ಯಾರೇಜ್‌ಗೆ ತೋರಿಸಿದೆ. ಬಾನೆಟ್ ಎತ್ತಿ ಅರ್ಧ ನಿಮಿಷ ನೋಡಿ, "ಮೂರೂ ಮೌಂಟಿಂಗ್ ಹೋಗಿದೆ ಸಾರ್, ಪಾರ್ಟ್ಸು ಲೇಬರ್ ಸೇರಿ 11 ಸಾವಿರ" ಅಂದರು. (ಮೌಂಟಿಂಗ್ ಅಂದರೆ ಇಂಜಿನ್ನನ್ನು ಬಾಡಿಗೆ ಹಿಡಿದು ಕೂರಿಸುವ ರಬ್ಬರ್ ಮತ್ತು ಕಬ್ಬಿಣದ ತುಂಡು.) ಯೂಟ್ಯೂಬ್‌ನಲ್ಲಿ ನೋಡಿದರೆ ನಾಲ್ಕು ಬೋಲ್ಟ್ ಬಿಚ್ಚಿ ನಾಲ್ಕು ಬೋಲ್ಟ್ ಹಾಕುವ ಕೆಲಸ. ಮನೆ ಮುಂದೆ ಸಿಮೆಂಟ್ ನೆಲ ಇದೆ, ಸಾಕೆಟ್ ಸೆಟ್ ಇದೆ. ಬ್ರೇಕ್ ಪ್ಯಾಡ್, ಆಯಿಲ್, ಪ್ಲಗ್ ನಾನೇ ಬದಲಾಯಿಸುತ್ತೇನೆ. ಇದನ್ನೂ ಮಾಡಬಹುದಾ? ಮಾಡಿದವರು ಯಾರಾದರೂ ಇದ್ದೀರಾ?

ಕಾಫಿ_ಗಿರಾಕಿ · 10:20

ಗಣಪನನ್ನ ಹಿಂದಿನ ಸೀಟಿಗೆ ಶಿಫ್ಟ್ ಮಾಡಿ. 11 ಸಾವಿರ ಉಳಿಯಿತು.

ಹುಬ್ಬಳ್ಳಿ_ಪಾನಾ · 10:41

ಸಾಹೇಬ್ರ, ಮೂರೂ ಒಟ್ಟಿಗೇ ಹೋಗೋದು ಅಪರೂಪ. ಒಂದು ಹರಿದಿರುತ್ತದೆ, ಅದರ ಭಾರ ಹೊತ್ತು ಇನ್ನೊಂದು ಸೊರಗಿರುತ್ತದೆ. ಮೂರನೆಯದು ಗಟ್ಟಿಮುಟ್ಟಾಗೇ ಇರಬಹುದು. ಅರ್ಧ ನಿಮಿಷದಲ್ಲಿ ಮೂರನ್ನೂ ನೋಡಿದೆ ಅಂದರೆ ನಂಬಬೇಡಿ. ಹಿಂದಿನದು ಕೆಳಗೆ ಇರುತ್ತದೆ, ಬಾನೆಟ್ ಎತ್ತಿದರೆ ಕಾಣಿಸುವುದೇ ಇಲ್ಲ. ಮೊದಲು ಖಾತ್ರಿ ಮಾಡಿಕೊಳ್ಳಿ, ಆಮೇಲೆ ಪಾನಾ ಹಿಡೀರಿ.

ಟ್ಯಾಕ್ಸಿ_ಮಾಮ · 11:05

ನಾನು 20 ವರ್ಷದಿಂದ ಕಾರು ಓಡಿಸುತ್ತಿದ್ದೇನೆ, ಸ್ವಂತದ್ದು ಮೂರು ಗಾಡಿ ಇವೆ. ನಡುಗಿದ್ದೆಲ್ಲ ಮೌಂಟಿಂಗ್ ಅಲ್ಲ ತಮ್ಮಾ. ನನಗೆ ಒಬ್ಬರು ಮೌಂಟಿಂಗ್ ಅಂತ ದುಡ್ಡು ಕಿತ್ತರು. ಹೊಸದು ಹಾಕಿದ ಮೇಲೂ ಅದೇ ನಡುಕ. ಕೊನೆಗೆ ನೋಡಿದರೆ ಪ್ಲಗ್‌ಗೆ ಕಿಡಿ ಕೊಡುವ ಒಂದು ಇಗ್ನಿಷನ್ ಕಾಯಿಲ್ ಸತ್ತಿತ್ತು. ನಾಲ್ಕು ಸಿಲಿಂಡರ್‌ನಲ್ಲಿ ಒಂದು ಸರಿಯಾಗಿ ಉರಿಯದೇ ಇದ್ದರೆ ಯಾವ ಮೌಂಟಿಂಗ್ ಹಾಕಿದರೂ ಗಾಡಿ ಕುಣಿಯುತ್ತದೆ.

ಹೀಗೆ ನೋಡು. ಇಂಜಿನ್ ಬಿಸಿ ಆದ ಮೇಲೆ ಎ.ಸಿ. ಆಫ್ ಮಾಡಿ ಸೈಲೆನ್ಸರ್ ಹಿಂದೆ ನಿಂತುಕೋ. ಸದ್ದು ಒಂದೇ ಸಮ ಬರುತ್ತಿದ್ದರೆ ಇಂಜಿನ್ ಸರಿ ಇದೆ. ಮಧ್ಯೆ ಮಧ್ಯೆ 'ಫುಸ್' ಅಂತ ತಪ್ಪಿದರೆ ಕಾಯಿಲ್ ಅಥವಾ ಪ್ಲಗ್. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಓಡುವಾಗ, ಆರ್‌ಪಿಎಂ ಸೂಜಿ ಮೇಲೆ ಕೆಳಗೆ ಆಡುತ್ತಿದ್ದರೆ ಇಂಜಿನ್‌ಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ಕೊಳೆ ಆಗಿರಬಹುದು, ಕ್ಲೀನರ್ ಹಾಕಿ ಒರೆಸು. ಇದೆಲ್ಲ ಸರಿ ಇದ್ದರೆ ಮಾತ್ರ ಮೌಂಟಿಂಗ್ ಕಡೆ ಹೋಗು.

ಮೌಂಟಿಂಗ್ ಟೆಸ್ಟ್ ಹೀಗೆ. ಹ್ಯಾಂಡ್‌ಬ್ರೇಕ್ ಪೂರ್ತಿ ಎಳಿ. ಚಕ್ರಕ್ಕೆ ಹಿಂದೆ ಮುಂದೆ ಕಲ್ಲು ಕೊಡು. ಬಾನೆಟ್ ತೆಗೆ. ಒಳಗೆ ಒಬ್ಬರು ಕೂತು, ಬ್ರೇಕ್ ಮೇಲೆ ಕಾಲಿಟ್ಟು, ಒಂದನೇ ಗೇರ್ ಹಾಕಿ ಕ್ಲಚ್ ಹಿಡಿಯುವ ಜಾಗದವರೆಗೆ ಮಾತ್ರ ನಿಧಾನ ಬಿಡಬೇಕು. ನೀನು ಪಕ್ಕದಲ್ಲಿ ನಿಂತು ನೋಡು. ಮುಂದೆ ನಿಂತರೆ ನಾಳೆ ಗಣಪನ ಪಕ್ಕ ನಿನ್ನ ಫೋಟೋನೂ ಇರುತ್ತದೆ. ಒಂದನೇ ಗೇರ್‌ನಲ್ಲಿ ಇಂಜಿನ್ ತಲೆ ಕ್ಯಾಬಿನ್ ಕಡೆ ವಾಲುತ್ತದೆ, ರಿವರ್ಸ್‌ನಲ್ಲಿ ಗ್ರಿಲ್ ಕಡೆ. ಬೆರಳಿನಷ್ಟು ವಾಲುವುದು ಸಹಜ. ಎಗರಿ ಬಿದ್ದರೆ ಮೌಂಟಿಂಗ್ ಹೋಗಿದೆ ಅಂತ ಅರ್ಥ.

ಪುತ್ತೂರು_ಮಾಣಿ · 11:18

ಟ್ಯಾಕ್ಸಿ ಮಾಮ ಹೇಳಿದ್ದು ನೂರಕ್ಕೆ ನೂರು. ಇನ್ನೊಂದು ಮಾತು ಮಾರಾಯ್ರೆ, ಸೈಲೆನ್ಸರ್ ನೇತು ಹಾಕುವ ರಬ್ಬರ್ ಹರಿದರೂ ಇದೇ ತರ ನಡುಕ ಬರ್ತದೆ. ಅದು ಸಣ್ಣ ದುಡ್ಡಿನ ಸಾಮಾನು. ಕೆಳಗೆ ಬಗ್ಗಿ ನೋಡ್ಲಿಕ್ಕೆ ದುಡ್ಡು ಇಲ್ಲ.

ಮೈಸೂರು_ಸ್ವಿಫ್ಟ್ · ಮಧ್ಯಾಹ್ನ 1:30

ಎಲ್ಲರಿಗೂ ಥ್ಯಾಂಕ್ಸ್. ಈಗಷ್ಟೇ ಟೆಸ್ಟ್ ಮಾಡಿದೆ. ಹೆಂಡತಿ ಕ್ಲಚ್ ಮೇಲೆ, ನಾನು ಪಕ್ಕದಲ್ಲಿ, ಅಮ್ಮ ಬಾಗಿಲಲ್ಲಿ ನಿಂತು "ಭಾನುವಾರ ಒಂದು ದಿನ ಸುಮ್ನೆ ಕೂರೋಕೆ ಆಗಲ್ವಾ" ಅಂತ.

ಸೈಲೆನ್ಸರ್ ಸದ್ದು ಒಂದೇ ಸಮ ಇದೆ. ಪ್ಲಗ್ ಹೋದ ವರ್ಷ ಹಾಕಿದ್ದು. ಸೈಲೆನ್ಸರ್ ರಬ್ಬರ್‌ಗಳೂ ಗಟ್ಟಿ ಇವೆ. ಒಂದನೇ ಗೇರ್‌ನಲ್ಲಿ ಇಂಜಿನ್ ಸ್ವಲ್ಪ ವಾಲಿತು. ರಿವರ್ಸ್ ಹಾಕಿದಾಗ ಮಾತ್ರ, ದೇವರಾಣೆ, ಇಂಜಿನ್ ಎದ್ದು ನಿಲ್ಲುವ ಹಾಗೆ ಹಾರಿ 'ಟಕ್' ಅಂತು. ಆಮೇಲೆ ಟಾರ್ಚ್ ಹಿಡಿದು ನೋಡಿದೆ. ಬಲಗಡೆ ಮೌಂಟಿಂಗ್‌ನ ರಬ್ಬರ್ ನೆರಿಗೆ ನೆರಿಗೆ ಬಿರುಕು ಬಿಟ್ಟು ಕೆಳಗೆ ಕುಸಿದಿದೆ. ಹಿಂದಿನದನ್ನು ನೋಡಲು ಫೋನನ್ನು ಕಡ್ಡಿಗೆ ಕಟ್ಟಿ ಕೆಳಗೆ ತೂರಿಸಿ ವಿಡಿಯೊ ತೆಗೆದೆ. ರಬ್ಬರ್ ಒಂದು ಕಡೆ ಪೂರ್ತಿ ಹರಿದು ಸಂದು ಕಾಣಿಸುತ್ತಿದೆ. ಎಡಗಡೆ, ಅಂದರೆ ಗೇರ್‌ಬಾಕ್ಸ್ ಕಡೆಯದು, ಚೆನ್ನಾಗೇ ಇದೆ ಅನಿಸುತ್ತದೆ.

ಹುಬ್ಬಳ್ಳಿ_ಪಾನಾ · 1:36

ನಾ ಏನ್ ಹೇಳಿದ್ದೆ! ಎರಡೇ.

ಡ್ರಾಯಿಂಗ್_ಬೋರ್ಡ್ · 2:15

ನಾನು ಮೆಕ್ಯಾನಿಕಲ್ ಓದಿದವನು, ಕೈಗೆ ಗ್ರೀಸ್ ಮಾಡಿಕೊಳ್ಳುವುದು ಕಮ್ಮಿ. ಆದರೂ ಯಾಕೆ ಹೀಗಾಗುತ್ತದೆ ಅಂತ ಸ್ವಲ್ಪ ಹೇಳುತ್ತೇನೆ, ಬೇಸರ ಆದರೆ ಕೆಳಗೆ ಹೋಗಿ.

ನಾಲ್ಕು ಸಿಲಿಂಡರ್ ಇಂಜಿನ್ ಒಂದು ಸುತ್ತಿಗೆ ಎರಡು ಸಲ ಉರಿಯುತ್ತದೆ. ಐಡಲ್‌ನಲ್ಲಿ ನಿಮಿಷಕ್ಕೆ 750 ಸುತ್ತು ಅಂದುಕೊಳ್ಳಿ. ಅಂದರೆ ಸೆಕೆಂಡಿಗೆ 25 ಏಟು. ಆ 25 ಏಟು ಬಾಡಿಗೆ ತಲುಪದ ಹಾಗೆ ನುಂಗಬೇಕಾದರೆ ರಬ್ಬರ್ ಮೆತ್ತಗಿರಬೇಕು. ಆದರೆ ಕ್ಲಚ್ ಬಿಟ್ಟಾಗ ಕಥೆ ಬೇರೆ. ಮೊದಲ ಗೇರ್‌ನಲ್ಲಿ ಇಂಜಿನ್ನಿನ ತಿರುಚುವ ಬಲ ಹತ್ತು ಹನ್ನೆರಡು ಪಟ್ಟಿಗಿಂತ ಜಾಸ್ತಿ ಆಗಿ ಚಕ್ರಕ್ಕೆ ಹೋಗುತ್ತದೆ. ಚಕ್ರವನ್ನು ಎಷ್ಟು ಬಲದಿಂದ ತಿರುಗಿಸುತ್ತದೋ ಅಷ್ಟೇ ಬಲದಿಂದ ಇಂಜಿನ್ ಉಲ್ಟಾ ತಿರುಗಲು ನೋಡುತ್ತದೆ. ಅದನ್ನು ತಡೆಯಲು ರಬ್ಬರ್ ಗಟ್ಟಿ ಇರಬೇಕು. ಮೆತ್ತಗೂ ಇರಬೇಕು, ಗಟ್ಟಿನೂ ಇರಬೇಕು, ಅದೇ ಪಜೀತಿ. ಅದಕ್ಕೇ ಕೆಲಸ ಹಂಚಿದ್ದಾರೆ. ಎರಡು ಮೌಂಟಿಂಗ್ ಭಾರ ಹೊರುತ್ತವೆ, ಹಿಂದಿನದು ಇಂಜಿನ್ ವಾಲದ ಹಾಗೆ ಹಿಡಿದುಕೊಳ್ಳುತ್ತದೆ. ನಿಮ್ಮ 'ಟಕ್' ಹಿಂದಿನದ್ದು, ನಡುಕ ಬಲಗಡೆಯದ್ದು. ರಬ್ಬರ್ ಕುಸಿದ ಮೇಲೆ ಕಬ್ಬಿಣಕ್ಕೆ ಕಬ್ಬಿಣ ತಾಗುತ್ತದೆ, ನಡುಕ ನೇರ ನಿಮ್ಮ ಕೈಗೆ.

ಕೆಲವು ಕಾರುಗಳಲ್ಲಿ ರಬ್ಬರ್ ಒಳಗೆ ದ್ರವ ತುಂಬಿದ ಮೌಂಟಿಂಗ್ ಇರುತ್ತದೆ. ಎರಡು ಗೂಡು, ಮಧ್ಯೆ ಸಣ್ಣ ದಾರಿ. ಅದು ಒಡೆದರೆ ಕೆಳಗೆ ಕಪ್ಪಗೆ ಒಸರಿದ ಗುರುತು ಕಾಣಿಸುತ್ತದೆ. ಅಂಥದ್ದರ ಜಾಗಕ್ಕೆ ಬರೀ ರಬ್ಬರಿನದು ಹಾಕಿಸಿಕೊಂಡು "ಹೊಸದು ಹಾಕಿದರೂ ನಡುಗುತ್ತದೆ" ಅಂತ ಅಳುವವರು ಬಹಳ ಜನ.

ಕಾಫಿ_ಗಿರಾಕಿ · 2:19

ಮೆತ್ತಗೂ ಇರಬೇಕು, ಗಟ್ಟಿನೂ ಇರಬೇಕು. ಇಡ್ಲಿ ಬಗ್ಗೆ ನಮ್ಮತ್ತೆ ಹೇಳೋದೂ ಇದೇ.

ಮೂರು_ಸಿಲಿಂಡರ್ · 2:40

ನನ್ನದು ಮೂರು ಸಿಲಿಂಡರ್ ಗಾಡಿ. ಹೊಸದರಲ್ಲೇ ಸ್ವಲ್ಪ ನಡುಗುತ್ತಿತ್ತು. ಅದೂ ಮೌಂಟಿಂಗ್ ತೊಂದರೆನಾ?

ಡ್ರಾಯಿಂಗ್_ಬೋರ್ಡ್ · 2:52

ಇಲ್ಲ, ಅದು ಹುಟ್ಟುಗುಣ. ಮೂರು ಸಿಲಿಂಡರ್ ಅದೇ 750ಕ್ಕೆ ಸೆಕೆಂಡಿಗೆ ಸುಮಾರು 19 ಏಟು. ಏಟು ಕಮ್ಮಿ, ಅಂತರ ಜಾಸ್ತಿ, ಮೈಗೆ ಚೆನ್ನಾಗಿ ಗೊತ್ತಾಗುತ್ತದೆ. ಜೊತೆಗೆ ಇಂಜಿನ್ ಈ ತುದಿ ಆ ತುದಿ ತೂಗುವ ಗುಣ ಬೇರೆ. ಮೊದಲಿಗಿಂತ ಜಾಸ್ತಿ ಆಗಿದ್ದರೆ ಮಾತ್ರ ತಲೆ ಕೆಡಿಸಿಕೊಳ್ಳಿ.

ಜೆಸಿ_ರೋಡ್_ಸುತ್ತಾಟ · ಸಂಜೆ 4:10

ಪಾರ್ಟ್ಸ್ ವಿಷಯಕ್ಕೆ ಬರೋಣ. ಬೆಂಗಳೂರಿಗೆ ಬರುವುದಿದ್ದರೆ ಜೆ.ಸಿ. ರಸ್ತೆಯಲ್ಲಿ ಎಲ್ಲ ಸಿಗುತ್ತದೆ. ಆದರೆ ಅಂಗಡಿಯಲ್ಲಿ "ಒರಿಜಿನಲ್ ಇದೆಯಾ" ಅಂತ ಕೇಳಬೇಡಿ, ಎಲ್ಲರೂ ಇದೆ ಅನ್ನುತ್ತಾರೆ. ಕಂಪನಿ ಪಾರ್ಟ್ ನಂಬರ್ ಬರೆದುಕೊಂಡು ಹೋಗಿ, ಡಬ್ಬಿ ಮೇಲಿನ ನಂಬರ್ ಹೊಂದಿಸಿ, ಬಿಲ್ ತಗೊಳ್ಳಿ. ನಾನು ಒಂದು ಸಲ ಅರ್ಧ ರೇಟಿಗೆ ಸಿಕ್ಕಿತು ಅಂತ ಲೋಕಲ್ ಮೌಂಟಿಂಗ್ ತಂದೆ. ಎಂಟು ತಿಂಗಳಿಗೆ ರಬ್ಬರ್ ಹಲಸಿನ ತೊಳೆ ಹಾಗೆ ಕಬ್ಬಿಣದಿಂದ ಬಿಟ್ಟುಕೊಂಡು ಬಂತು.

ಹುಬ್ಬಳ್ಳಿ_ಪಾನಾ · 4:22

ಲೋಕಲ್ ಎಲ್ಲ ಕೆಟ್ಟದು ಅಂತಲ್ಲ ಬಿಡ್ರಿ. ಕಂಪನಿಗೇ ಮಾಡಿಕೊಡುವವರ ಮಾಲು ಅವರ ಸ್ವಂತ ಡಬ್ಬಿಯಲ್ಲೂ ಬರುತ್ತದೆ, ಸ್ವಲ್ಪ ಕಮ್ಮಿ ರೇಟಿಗೆ. ಅದು ಬೇರೆ, ಹೆಸರಿಲ್ಲದ ಪ್ಲಾಸ್ಟಿಕ್ ಕವರ್ ಮಾಲು ಬೇರೆ.

ಜೆಸಿ_ರೋಡ್_ಸುತ್ತಾಟ · 4:25

ಅದನ್ನೇ ಹೇಳಿದ್ದು, ನನಗೆ ಸಿಕ್ಕಿದ್ದು ಪ್ಲಾಸ್ಟಿಕ್ ಕವರ್.

ಟ್ರ್ಯಾಕ್_ಡೇ_ಗುರು · 5:03

ಯಾಕೆ ಗುರು ರಬ್ಬರ್? ರಬ್ಬರಿಗಿಂತ ಗಟ್ಟಿಯಾದ ಪಾಲಿಯುರಿಥೇನ್ ಹಾಕಿಸಿ, ಜನ್ಮಕ್ಕೆ ಒಂದೇ ಸಲ. ಗೇರ್ ಹಾಕಿದರೆ ಕತ್ತರಿ ಹಾಗೆ ಕೂರುತ್ತದೆ, ಇಂಜಿನ್ ಅಲ್ಲಾಡುವುದೇ ಇಲ್ಲ.

ಟ್ಯಾಕ್ಸಿ_ಮಾಮ · 5:11

ಇಂಜಿನ್ ಅಲ್ಲಾಡಲ್ಲ, ಮನುಷ್ಯ ಅಲ್ಲಾಡುತ್ತಾನೆ.

ಪುತ್ತೂರು_ಮಾಣಿ · 5:15

ಪ್ರಶ್ನೆ ಕೇಳಿದವರು ಅಮ್ಮನನ್ನು ಕೂರಿಸಿಕೊಂಡು ನಂಜನಗೂಡಿಗೆ ಹೋಗುವವರು, ರೇಸಿಗಲ್ಲ. ಪಾಲಿ ಹಾಕಿದರೆ ಈಗಿನ ನಡುಕಕ್ಕೆ ಅಪ್ಪನಂಥ ನಡುಕ ಬರ್ತದೆ.

ಟ್ರ್ಯಾಕ್_ಡೇ_ಗುರು · 5:31

ಸರಿ, ಒಪ್ಪಿದೆ. ಹಿಂದಿನದಕ್ಕೆ ಮಾತ್ರ ಹಾಕಿಸುವವರೂ ಇದ್ದಾರೆ. ನಾನು ಹಾಕಿಸಿದ್ದೇನೆ. ಐಡಲ್‌ನಲ್ಲಿ ಕನ್ನಡಿ ಮಸುಕು ಕಾಣಿಸುತ್ತದೆ, ಸುಳ್ಳು ಹೇಳಲ್ಲ.

ಟ್ಯಾಕ್ಸಿ_ಮಾಮ · ರಾತ್ರಿ 8:45

ತಮ್ಮಾ, ಮಾಡುವುದಾದರೆ ಹೀಗೆ ಮಾಡು. ಊಟ ಮಾಡಿ ಕೂತು ಬರೆಯುತ್ತಿದ್ದೇನೆ, ಪೂರ್ತಿ ಓದು.

ಇಂಜಿನ್ ತಣ್ಣಗಿರಬೇಕು. ರಾತ್ರಿ ನಿಲ್ಲಿಸಿ ಬೆಳಗ್ಗೆ ಕೈ ಹಾಕು. ಬ್ಯಾಟರಿ ನೆಗೆಟಿವ್ ಬಿಚ್ಚು. ಗಡಿಯಾರ ಸೊನ್ನೆಗೆ ಹೋಗುತ್ತದೆ, ಹೆದರಬೇಡ. ಹಿಂದಿನ ದಿನವೇ ಎಲ್ಲ ಬೋಲ್ಟ್‌ಗೂ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡು. ಬೋಲ್ಟ್‌ಗೆ ಮಾತ್ರ, ಹೊಸ ರಬ್ಬರ್ ಮೇಲೆ ಒಂದು ಹನಿ ಬೀಳಬಾರದು.

ಬಲಗಡೆಯದು ಬಿಚ್ಚುವ ಮೊದಲು ಇಂಜಿನ್‌ಗೆ ಕೆಳಗಿನಿಂದ ಆಸರೆ ಕೊಡಬೇಕು. ಜಾಕಿ ತಲೆ ಮೇಲೆ ಅಗಲವಾದ ಮರದ ತುಂಡು ಇಡು. ಬರೀ ಜಾಕಿ ಇಟ್ಟರೆ ಆಯಿಲ್ ಸಂಪ್, ಅಂದರೆ ಇಂಜಿನ್ ತಳದ ಆಯಿಲ್ ತೊಟ್ಟಿ, ತಗ್ಗಾಗುತ್ತದೆ. ತಗಡಿನ ಸಂಪ್ ಒಳಗೆ ಹೋದರೆ ಆಯಿಲ್ ಎಳೆಯುವ ಬಾಯಿ ಮುಚ್ಚಿಕೊಳ್ಳಬಹುದು, ಆಮೇಲೆ ಮೌಂಟಿಂಗ್ ಅಲ್ಲ, ಇಂಜಿನ್ನೇ ಹೋಗುತ್ತದೆ. ಮರವನ್ನು ಸಂಪ್‌ನ ಅಂಚಿನ ಕಡೆಗೆ ಕೊಡು, ನಡುವಿಗೆ ಬೇಡ. ಜಾಕಿ ಎಷ್ಟು ಎತ್ತಬೇಕು? ಭಾರ ಹಿಡಿದುಕೊಳ್ಳುವಷ್ಟು. ಕಾರು ಏಳಬಾರದು. ಮೌಂಟಿಂಗ್ ಮೇಲಿನ ಒತ್ತಡ ಬಿಟ್ಟಿತು ಅನ್ನುವುದು ಬೋಲ್ಟ್ ತಿರುಗಿಸಿದಾಗ ಕೈಗೇ ಗೊತ್ತಾಗುತ್ತದೆ.

ಒಂದು ಮೌಂಟಿಂಗ್ ಬಿಚ್ಚು, ಹೊಸದು ಹಾಕು, ಆಮೇಲೆ ಇನ್ನೊಂದು. ಎರಡೂ ಒಟ್ಟಿಗೆ ಬಿಚ್ಚಿದರೆ ಇಂಜಿನ್ ಜಾರಿ ಕೂರುತ್ತದೆ, ಬೋಲ್ಟ್ ತೂತು ಹೊಂದಿಸುವುದರಲ್ಲಿ ಸಂಜೆ ಆಗುತ್ತದೆ. ಬೋಲ್ಟ್‌ಗಳನ್ನು ಮೊದಲು ಬೆರಳಿಂದಲೇ ಕೂರಿಸು. ಬೆರಳಿಗೆ ತಿರುಗದಿದ್ದರೆ ಬಿಚ್ಚಿ ಮತ್ತೆ ಹಾಕು, ಪಾನಾ ಹಾಕಿ ಒತ್ತಬೇಡ. ಅಲ್ಯೂಮಿನಿಯಂ ಥ್ರೆಡ್ ಹೋದರೆ ಕಥೆ ಮುಗೀತು.

ಹಿಂದಿನದಕ್ಕೆ ಕಾರಿನ ಕೆಳಗೆ ಹೋಗಬೇಕು. ಎತ್ತಿದ ಕಾರನ್ನು ಹೊತ್ತು ನಿಲ್ಲುವ ಜಾಕ್ ಸ್ಟ್ಯಾಂಡ್ ಇಲ್ಲದೆ ಹೋಗಬೇಡ.

ಹಾಸನ_ಆಲೂಗೆಡ್ಡೆ · 9:02

ಸ್ಟ್ಯಾಂಡ್ ಯಾಕೆ, ನಾವು ಎರಡೆರಡು ಸಿಮೆಂಟ್ ಇಟ್ಟಿಗೆ ಇಟ್ಟುಕೊಂಡು ಕೆಳಗೆ ಹೋಗ್ತೀವಿ. ಏನೂ ಆಗಿಲ್ಲ.

ಹುಬ್ಬಳ್ಳಿ_ಪಾನಾ · 9:04

ಆಗುವ ತನಕ ಏನೂ ಆಗುವುದಿಲ್ಲ.

ಟ್ಯಾಕ್ಸಿ_ಮಾಮ · 9:09

ಸಿಮೆಂಟ್ ಇಟ್ಟಿಗೆ ಬಾಗಲ್ಲ, ಬಿರುಕು ಬಿಟ್ಟು ಎಚ್ಚರಿಕೆ ಕೊಡಲ್ಲ. ಒಂದೇ ಸಲ ಪುಡಿ ಆಗುತ್ತದೆ. ಬರೀ ಜಾಕಿ ಮೇಲೂ ಬೇಡ, ಸೀಲ್ ಹೋದರೆ ಇಳಿದುಬಿಡುತ್ತದೆ. ಸ್ಟ್ಯಾಂಡ್ ಕೊಳ್ಳಲು ಮನಸ್ಸಿಲ್ಲದಿದ್ದರೆ ಹಿಂದಿನದನ್ನು ಗ್ಯಾರೇಜ್‌ನ ಲಿಫ್ಟ್ ಮೇಲೆ ಹಾಕಿಸಿ. ಅದೊಂದಕ್ಕೆ ಲೇಬರ್ ಎಷ್ಟು ಮಹಾ ಆಗುತ್ತದೆ?

ಹಾಸನ_ಆಲೂಗೆಡ್ಡೆ · 9:15

ಸರಿ ಮಾಮ, ಬೈಬೇಡಿ. ಸ್ಟ್ಯಾಂಡ್ ತಗೋತೀನಿ.

ಓಹಾಯೋ_ಕನ್ನಡಿಗ · 10:50

ಇಲ್ಲಿ ಈಗ ಮಧ್ಯಾಹ್ನ. ಈ ಚರ್ಚೆ ನೋಡಿ ಹೋದ ಚಳಿಗಾಲ ನೆನಪಾಯಿತು. ನನ್ನದು 2008ರ ಕ್ಯಾಮ್ರಿ. ಇಲ್ಲಿ ಲೇಬರ್ ಗಂಟೆ ಲೆಕ್ಕ. ಕೇಳಿದ ರೇಟಿಗೆ ಇನ್ನಷ್ಟು ಸೇರಿಸಿದರೆ ಊರಿಗೆ ಹೋಗಿ ಬರುವ ಟಿಕೆಟ್ ಬರುತ್ತಿತ್ತು. ನಾನೇ ಮಾಡಿದೆ. ಇಲ್ಲಿ ರಸ್ತೆ ಮೇಲಿನ ಐಸ್ ಕರಗಿಸಲು ಉಪ್ಪು ಹಾಕುತ್ತಾರೆ, ಅದಕ್ಕೆ ಕೆಳಗಿನ ಬೋಲ್ಟ್ ಎಲ್ಲ ತುಕ್ಕು. ಎಳೆದ ರಭಸಕ್ಕೆ ಒಂದು ಬೋಲ್ಟ್‌ನ ತಲೆ ಕೈಗೆ ಬಂತು, ಮೈ ಒಳಗೇ ಉಳಿಯಿತು. ಅದನ್ನು ತೆಗೆಯಲು ಎರಡು ವೀಕೆಂಡ್ ಹೋಯಿತು.

ಇನ್ನೊಂದು ಎಡವಟ್ಟು ಹೇಳುತ್ತೇನೆ, ನಗಬೇಡಿ. ಮ್ಯಾನ್ಯುಯಲ್‌ನಲ್ಲಿ ನ್ಯೂಟನ್ ಮೀಟರ್ ಅಂಕಿ ಇತ್ತು. ನನ್ನ ಟಾರ್ಕ್ ರೆಂಚ್‌ನಲ್ಲಿ (ಎಷ್ಟು ಬಿಗಿ ಅಂತ ಅಳೆಯುವ ಪಾನಾ) ಕಣ್ಣಿಗೆ ಬಿದ್ದದ್ದು ಪೌಂಡ್ ಅಡಿ ಅಂಕಿ. ನೋಡದೆ ಹಾಗೇ ತಿರುಗಿಸಿದೆ. 50 ಅಂತ ಬಿಗಿ ಮಾಡಿದರೆ ನಿಜವಾಗಿ 68 ಬಿದ್ದಿರುತ್ತದೆ. ಥ್ರೆಡ್ ಉಳಿದದ್ದು ನನ್ನ ಪುಣ್ಯ.

ಕಾಫಿ_ಗಿರಾಕಿ · 10:58

ಟಾರ್ಕ್ ರೆಂಚಾ? ನಮ್ಮ ಗ್ಯಾರೇಜ್‌ನಲ್ಲಿ ಹುಡುಗನ ಮುಖ ನೋಡುತ್ತಾರೆ. ಹಲ್ಲು ಕಚ್ಚಿದರೆ ಟೈಟ್ ಸರಿ ಇದೆ ಅಂತ.

ಮಂಡ್ಯ_ಟಿಲ್ಲರ್ · 11:20

ನೀವೆಲ್ಲ ಕಾರಿನ ನಡುಕಕ್ಕೆ ಇಷ್ಟು ಕಂಗಾಲಾಗಿದ್ದೀರ. ಪವರ್ ಟಿಲ್ಲರ್ ಹಿಡಿದು ಒಂದು ದಿನ ಗದ್ದೆ ಉತ್ತು ಬನ್ನಿ. ರಾತ್ರಿ ಮುದ್ದೆ ಮುರಿಯುವಾಗಲೂ ಕೈ ನಡುಗುತ್ತಿರುತ್ತದೆ. ಒಂದೇ ಸಿಲಿಂಡರ್, ಮೌಂಟಿಂಗ್ ಇಲ್ಲ, ಗಿಂಟಿಂಗ್ ಇಲ್ಲ, ಬೋಲ್ಟ್ ಹೊಡೆದು ಕೂರಿಸಿದ್ದಾರೆ ಅಷ್ಟೇ.

ಮೂರು_ಸಿಲಿಂಡರ್ · 11:24

ಹಳೇ ಡೀಸೆಲ್ ಆಟೋದಲ್ಲಿ ಕೂತವರಿಗೆ ಮಸಾಜ್ ಬೇರೆ ಬೇಕಾಗಿರಲಿಲ್ಲ.

ಪುತ್ತೂರು_ಮಾಣಿ · ಸೋಮವಾರ ಬೆಳಗ್ಗೆ 7:30

ವಿಷಯಕ್ಕೆ ಬರುವ. ಬಲಗಡೆ ಮೌಂಟಿಂಗ್ ಮೇಲೆ ಅಥವಾ ಸುತ್ತ ಆಯಿಲ್ ಜಿಡ್ಡು ಇದೆಯಾ ನೋಡಿ. ನಮ್ಮ ಮನೆಯಲ್ಲಿ ರಬ್ಬರ್ ತೋಟ ಇದೆ, ಮೌಂಟಿಂಗ್‌ಗೆ ಹೆಚ್ಚಾಗಿ ಹಾಕುವುದು ಇದೇ ಮರದ ಹಾಲಿನ ರಬ್ಬರ್. ಎಷ್ಟು ಸಲ ಎಳೆದರೂ ಬಗ್ಗಿಸಿದರೂ ತಡೆದುಕೊಳ್ತದೆ. ಆದರೆ ಆಯಿಲ್ ಕಂಡರೆ ಆಗುವುದಿಲ್ಲ. ಒಂದು ತುಂಡು ರಬ್ಬರ್ ಶೀಟ್ ಹಳೇ ಇಂಜಿನ್ ಆಯಿಲ್ ಡಬ್ಬಿಯಲ್ಲಿ ಬಿದ್ದದ್ದು ಯಾರೂ ನೋಡಿರಲಿಲ್ಲ. ತೆಗೆದಾಗ ಉಬ್ಬಿ ಬೆಲ್ಲದ ಪಾಕದ ಹಾಗೆ ಮೆತ್ತಗಾಗಿತ್ತು, ಉಗುರಿಂದ ಕಿತ್ತರೆ ಬರ್ತಿತ್ತು. ವಾಲ್ವ್ ಕವರ್ ಗ್ಯಾಸ್ಕೆಟ್‌ನಿಂದ, ಅಂದರೆ ಇಂಜಿನ್ ತಲೆಯ ಮುಚ್ಚಳದ ಸೀಲ್‌ನಿಂದ, ಆಯಿಲ್ ಒಸರಿ ಮೌಂಟಿಂಗ್ ಮೇಲೆ ಬೀಳುತ್ತಿದ್ದರೆ ಮೊದಲು ಆ ಗ್ಯಾಸ್ಕೆಟ್ ಹಾಕಿ. ಇಲ್ಲದಿದ್ದರೆ ಹೊಸ ಮೌಂಟಿಂಗಿಗೂ ಅದೇ ಗತಿ.

ಮೈಸೂರು_ಸ್ವಿಫ್ಟ್ · 8:05

ಮಾಣಿ, ನೀವು ಹೇಳಿದ ಮೇಲೆ ಬೆರಳಿಟ್ಟು ನೋಡಿದೆ. ಜಿಡ್ಡು ಇದೆ! ಗ್ಯಾಸ್ಕೆಟ್ ಅಂಚಿನಲ್ಲಿ ಕಪ್ಪು ಗೆರೆ. ಗ್ಯಾರೇಜ್‌ನವರು ಇದರ ಬಗ್ಗೆ ಒಂದು ಮಾತೂ ಹೇಳಿರಲಿಲ್ಲ. ಗ್ಯಾಸ್ಕೆಟ್ ಕೂಡ ತರಿಸುತ್ತಿದ್ದೇನೆ. ಎರಡು ಮೌಂಟಿಂಗ್, ಗ್ಯಾಸ್ಕೆಟ್, ಎರಡು ಜಾಕ್ ಸ್ಟ್ಯಾಂಡ್. ಟಾರ್ಕ್ ರೆಂಚ್ ಆಫೀಸಿನ ಗೆಳೆಯನ ಹತ್ತಿರ ಇದೆ. ಶನಿವಾರ ಕೆಲಸ.

ಮೈಸೂರು_ಸ್ವಿಫ್ಟ್ · ಶನಿವಾರ ಬೆಳಗ್ಗೆ 9:48

ತುರ್ತು. ಬಲಗಡೆಯ ಒಂದು ಬೋಲ್ಟ್ ಜಗ್ಗುತ್ತಿಲ್ಲ. 14ರ ಸಾಕೆಟ್ ಹಾಕಿ ಪೈಪ್ ಸೇರಿಸಿ ಎಳೆದರೂ ಇಲ್ಲ. ತಲೆ ಮೂಲೆ ಸವೆಯುವ ಹಾಗಿದೆ. ಏನು ಮಾಡಲಿ?

ಹುಬ್ಬಳ್ಳಿ_ಪಾನಾ · 9:51

ನಿಲ್ಲಿಸ್ರಿ. ಸಾಕೆಟ್ ಹನ್ನೆರಡು ಮೂಲೆಯದಾ? ಆರು ಮೂಲೆಯದು ಹಾಕಿ, ಅದು ಮೈ ತುಂಬ ಹಿಡಿಯುತ್ತದೆ. ಸುತ್ತಿಗೆಯಿಂದ ಬೋಲ್ಟ್ ತಲೆಗೆ ನೇರ ನಾಲ್ಕು ಏಟು ಕೊಟ್ಟು, ಎಣ್ಣೆ ಹೊಡೆದು, ಚಹಾ ಕುಡಿದು ಬನ್ನಿ. ಆಮೇಲೆ ಮೊದಲು ಬಿಗಿ ಮಾಡುವ ಕಡೆಗೆ ಒಂದು ಕೂದಲೆಳೆಯಷ್ಟು ತಿರುಗಿಸಿ, ನಂತರ ಬಿಚ್ಚುವ ಕಡೆಗೆ.

ಟ್ಯಾಕ್ಸಿ_ಮಾಮ · 9:53

ಜಾಕಿ ಸರಿಯಾಗಿ ಎತ್ತಿದ್ದೀಯಾ? ಭಾರ ಅದರ ಮೇಲೇ ಕೂತಿದ್ದರೆ ಬೋಲ್ಟ್ ಓರೆಯಾಗಿ ಕಚ್ಚಿಕೊಂಡಿರುತ್ತದೆ. ಒಂದು ಸ್ವಲ್ಪ ಎತ್ತು, ಒಂದು ಸ್ವಲ್ಪ ಇಳಿಸು, ಯಾವ ಜಾಗದಲ್ಲಿ ಸಡಿಲ ಆಗುತ್ತದೆ ನೋಡು.

ಮೈಸೂರು_ಸ್ವಿಫ್ಟ್ · 10:34

ಬಂತು!!! ಎರಡೂ ಮಾಡಿದೆ. ಜಾಕಿ ಒಂದು ಹಲ್ಲಿನಷ್ಟು ಇಳಿಸಿದಾಗ 'ಕಿರ್ರ್' ಅಂತ ಬಿಟ್ಟಿತು.

ಮೈಸೂರು_ಸ್ವಿಫ್ಟ್ · ಸಂಜೆ 6:20

ಮುಗಿಯಿತು, ಆದರೆ ಸಮಾಧಾನ ಇಲ್ಲ. ಪೂರ್ತಿ ಹೇಳುತ್ತೇನೆ.

ಮೊದಲು ಗ್ಯಾಸ್ಕೆಟ್ ಹಾಕಿದೆ. ಹಳೆಯದು ರಬ್ಬರ್ ಅಲ್ಲ, ಕೋಡುಬಳೆ ಆಗಿತ್ತು, ಬಗ್ಗಿಸಿದರೆ ಪಟಕ್ಕನೆ ಮುರಿಯಿತು. ಬಲಗಡೆ ಮೌಂಟಿಂಗ್ ತೆಗೆದು ಹೊಸದರ ಪಕ್ಕ ಇಟ್ಟೆ. ಹಳೆಯದರಲ್ಲಿ ನಡುವಿನ ಕಬ್ಬಿಣದ ಗುಬುಟು ಸುಮಾರು ಕಿರುಬೆರಳಿನ ಅಗಲದಷ್ಟು ಕೆಳಗೆ ಕುಸಿದಿದೆ. ಕೆಳಗಿನ ತಡೆಗೆ ತಾಗಿ ತಾಗಿ ಆ ಜಾಗ ಕನ್ನಡಿ ಹಾಗೆ ಹೊಳೆಯುತ್ತಿದೆ. ಮೂರು ತಿಂಗಳಿನ ನಡುಕ ಪೂರ್ತಿ ಆ ಕಾಸಗಲ ಜಾಗದಿಂದ ಬರುತ್ತಿತ್ತು. ಹೊಸದು ಹಾಕಿ, ಬೋಲ್ಟ್ ಬೆರಳಲ್ಲಿ ಕೂರಿಸಿ, ಟಾರ್ಕ್ ರೆಂಚ್‌ನಲ್ಲಿ ಬಿಗಿ ಮಾಡಿ, ಜಾಕಿ ಇಳಿಸಿದೆ.

ಹಿಂದಿನದಕ್ಕೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಕೆಳಗೆ ಹೋದೆ. ಕಣ್ಣಿಗೆ ಮಣ್ಣು ಬಿತ್ತು, ಕನ್ನಡಕ ಹಾಕಿಕೊಳ್ಳಿ ಅಂತ ಯಾರೂ ಹೇಳಲಿಲ್ಲವಲ್ಲ. ಹರಿದ ರಬ್ಬರ್ ಕೈಯಲ್ಲೇ ಹಿಡಿದು ಆಡಿಸಬಹುದಿತ್ತು. ಅದನ್ನೂ ಬದಲಾಯಿಸಿದೆ.

ಸ್ಟಾರ್ಟ್ ಮಾಡಿದೆ. 'ಟಕ್' ಪೂರ್ತಿ ಹೋಗಿದೆ, ರಿವರ್ಸ್ ಬೆಣ್ಣೆ. ಆದರೆ ಐಡಲ್‌ನಲ್ಲಿ ಸಣ್ಣಗೆ 'ಝುಂ' ಅಂತ ಒಂದು ಹೊಸ ನಡುಕ ಇದೆ. ಮೊದಲಿನಷ್ಟಲ್ಲ, ಆದರೆ ಇದೆ. ಗಣಪ ಇನ್ನೂ ಸಣ್ಣಗೆ ಅದುರುತ್ತಿದ್ದಾನೆ. ಇಷ್ಟು ಖರ್ಚು ಮಾಡಿ ಹೀಗಾ?

ಜೆಸಿ_ರೋಡ್_ಸುತ್ತಾಟ · 6:31

ಮಾಲು ಡೂಪ್ಲಿಕೇಟ್ ಇರಬೇಕು.

ಟ್ರ್ಯಾಕ್_ಡೇ_ಗುರು · 6:33

ಎಡಗಡೆಯದೂ ಹೋಗಿರುತ್ತದೆ. ಮೂರೂ ಹಾಕಬೇಕಿತ್ತು.

ಟ್ಯಾಕ್ಸಿ_ಮಾಮ · 6:40

ತಡೀರಿ ಎಲ್ಲರೂ. ತಮ್ಮಾ, ನೀನು ಬರೆದಿದ್ದನ್ನು ಎರಡು ಸಲ ಓದಿದೆ. "ಬಿಗಿ ಮಾಡಿ, ಜಾಕಿ ಇಳಿಸಿದೆ" ಅಂತ ಇದೆ. ಆ ಕ್ರಮದಲ್ಲೇ ಮಾಡಿದೆಯಾ?

ಮೈಸೂರು_ಸ್ವಿಫ್ಟ್ · 6:42

ಹೌದು. ಯಾಕೆ?

ಟ್ಯಾಕ್ಸಿ_ಮಾಮ · 6:55

ಅಲ್ಲೇ ಇರೋದು. ತಪ್ಪು ನನ್ನದೂ ಇದೆ, ಮೊನ್ನೆ ಬರೆಯುವಾಗ ಇದೊಂದು ಬಿಟ್ಟೆ. ಇಂಜಿನ್ ಜಾಕಿ ಮೇಲೆ ಎತ್ತಿ ನಿಂತಿರುವಾಗ ನೀನು ಬೋಲ್ಟ್ ಪೂರ್ತಿ ಬಿಗಿ ಮಾಡಿಬಿಟ್ಟೆ. ಆಮೇಲೆ ಜಾಕಿ ಇಳಿಸಿದಾಗ ಇಂಜಿನ್ ತನ್ನ ಜಾಗಕ್ಕೆ ಕೂರಲು ಹೋಗಿ ರಬ್ಬರ್ ತಿರುಚಿಕೊಂಡಿದೆ. ತಿರುಚಿದ ರಬ್ಬರ್ ಗಟ್ಟಿ, ನಡುಕ ನುಂಗಲ್ಲ. ಹಾಗೇ ಬಿಟ್ಟರೆ ಬೇಗ ಹರಿಯುತ್ತದೆ ಕೂಡ.

ಈಗ ಏನು ಮಾಡು ಅಂದರೆ, ಕಾರು ನಾಲ್ಕು ಚಕ್ರದ ಮೇಲೆ ಸಮನಾದ ನೆಲದಲ್ಲಿ ಇರಲಿ. ಇಂಜಿನ್ ಆರಿದ ಮೇಲೆ ಜಾಕಿ ಬರೀ ತಾಗುವ ಹಾಗೆ ಇಟ್ಟುಕೋ, ಭದ್ರತೆಗೆ. ಎರಡೂ ಮೌಂಟಿಂಗ್‌ನ ಬೋಲ್ಟ್‌ಗಳನ್ನು ಸಡಿಲ ಮಾಡು, ಬಿಚ್ಚಬೇಡ, ಒಂದು ಒಂದೂವರೆ ಸುತ್ತು ಸಾಕು. ಇಂಜಿನ್ ಕೈಯಲ್ಲಿ ಹಿಡಿದು ಹಿಂದೆ ಮುಂದೆ ನಾಲ್ಕು ಸಲ ಅಲ್ಲಾಡಿಸು, ತಾನಾಗಿ ಜಾಗ ಹುಡುಕಿ ಕೂರುತ್ತದೆ. ಜಾಕಿ ಪೂರ್ತಿ ತೆಗೆ. ಭಾರ ಪೂರ್ತಿ ಮೌಂಟಿಂಗ್ ಮೇಲೆ ಬಿದ್ದ ನಂತರವೇ ಕೊನೆಯ ಬಿಗಿ.

ಡ್ರಾಯಿಂಗ್_ಬೋರ್ಡ್ · 7:01

ಮಾಮ ಹೇಳಿದ್ದು ಸರಿ. ರಬ್ಬರ್ ಮೌಂಟಿಂಗ್ ನಡುಕ ನುಂಗುವುದು ತನ್ನ ನಡು ಜಾಗದಲ್ಲಿ ಇದ್ದಾಗ ಮಾತ್ರ. ಒಂದು ಪಕ್ಕಕ್ಕೆ ಒತ್ತಿಕೊಂಡು ಕೂತರೆ ಅದು ಅರ್ಧ ಕಲ್ಲು.

ಓಹಾಯೋ_ಕನ್ನಡಿಗ · 7:30

ಅಯ್ಯೋ, ನಾನೂ ಹೀಗೇ ಮಾಡಿದ್ದೆ. ಒಂದು ವರ್ಷದಿಂದ ಆ ಸಣ್ಣ ನಡುಕಕ್ಕೆ "ಹಳೇ ಗಾಡಿ, ಇಷ್ಟೇ" ಅಂತ ಸುಮ್ಮನಿದ್ದೇನೆ. ಈ ವೀಕೆಂಡ್ ನಾನೂ ಸಡಿಲ ಮಾಡಿ ನೋಡುತ್ತೇನೆ.

ಮೈಸೂರು_ಸ್ವಿಫ್ಟ್ · ಭಾನುವಾರ ಬೆಳಗ್ಗೆ 11:15

ಮಾಮ, ನಿಮ್ಮ ಕಾಲು ಎಲ್ಲಿದೆ?

ಬಲಗಡೆ ಬೋಲ್ಟ್ ಸಡಿಲ ಮಾಡಿದ ಕೂಡಲೇ ಬ್ರಾಕೆಟ್ ತಾನಾಗಿ ಸರಕ್ಕನೆ ಪಕ್ಕಕ್ಕೆ ಜರುಗಿತು. ಬೋಲ್ಟ್ ಕೂತಿದ್ದ ಹಳೇ ಗುರುತಿನಿಂದ ಹೊಸ ಗುರುತಿಗೆ ಒಂದು ಅಕ್ಕಿ ಕಾಳಿನಷ್ಟು ಅಂತರ. ಅಷ್ಟೇ. ಅಲ್ಲಾಡಿಸಿ, ಜಾಕಿ ತೆಗೆದು, ಬಿಗಿ ಮಾಡಿ ಸ್ಟಾರ್ಟ್ ಮಾಡಿದೆ. ಎ.ಸಿ. ಹಾಕಿದೆ. ಹೆಂಡತಿ ಕೇಳಿದಳು, "ಸ್ಟಾರ್ಟ್ ಆಯ್ತಾ?" ಅಂತ. ಗಣಪ ಗರ್ಭಗುಡಿಯಲ್ಲಿ ಇದ್ದ ಹಾಗೆ ಕೂತಿದ್ದಾನೆ. ನೀರು ತುಂಬಿದ ಲೋಟ ಡ್ಯಾಶ್‌ಬೋರ್ಡ್ ಮೇಲೆ ಇಟ್ಟು ನೋಡಿದೆ. ಸಣ್ಣ ಉಂಗುರ ಏಳುತ್ತದೆ, ಚೆಲ್ಲುವುದಿಲ್ಲ.

ಖರ್ಚು ಕೇಳಿದವರಿಗೆ: ಎರಡು ಮೌಂಟಿಂಗ್, ಗ್ಯಾಸ್ಕೆಟ್ ಸೇರಿ 4,300 ಆಯಿತು. ಜಾಕ್ ಸ್ಟ್ಯಾಂಡ್ ಬೇರೆ, ಅದು ಮನೆಯಲ್ಲೇ ಇರುತ್ತದೆ. ಎರಡು ದಿನದ ಬೈಗುಳದ ಲೆಕ್ಕ ಹಾಕಿಲ್ಲ.

ಹುಬ್ಬಳ್ಳಿ_ಪಾನಾ · 11:20

ಭಾರೀ ಆತು. ಒಂದು 500 ಕಿ.ಮೀ. ಓಡಿದ ಮೇಲೆ ಬೋಲ್ಟ್‌ಗೆ ಮತ್ತೊಮ್ಮೆ ಪಾನಾ ಹಾಕಿ ನೋಡ್ರಿ.

ಹಾಸನ_ಆಲೂಗೆಡ್ಡೆ · 11:34

ಸಾರ್, ಆ ಜಾಕ್ ಸ್ಟ್ಯಾಂಡ್ ಮುಂದಿನ ಭಾನುವಾರ ಒಂದು ದಿನಕ್ಕೆ ಸಿಗುತ್ತಾ? ಮೈಸೂರಿಗೆ ಬರ್ತಿದ್ದೀನಿ.

ಕಾಫಿ_ಗಿರಾಕಿ · 11:36

ಹಳೇ ಮೌಂಟಿಂಗ್ ಗುಜರಿಗೆ ಹಾಕಿದಿರಾ?

ಮೈಸೂರು_ಸ್ವಿಫ್ಟ್ · 11:52

ಸ್ಟ್ಯಾಂಡ್ ಧಾರಾಳ ತಗೊಂಡು ಹೋಗಿ, ಇಟ್ಟಿಗೆ ಮಾತ್ರ ಮುಟ್ಟಬೇಡಿ. ಹಳೇ ಮೌಂಟಿಂಗ್ ಗುಜರಿಗೆ ಹೋಗಲಿಲ್ಲ. ಹಿತ್ತಲ ಬಾಗಿಲು ಗಾಳಿಗೆ ಬಡಿದುಕೊಳ್ಳುತ್ತಿತ್ತು, ಅಮ್ಮ ಸೋಪು ಹಾಕಿ ತೊಳೆದು ಅದಕ್ಕೆ ಅಡ್ಡ ಇಟ್ಟಿದ್ದಾರೆ.

ಟ್ಯಾಕ್ಸಿ_ಮಾಮ · 11:58

ಆಯಿಲ್ ಬೀಳದ ಜಾಗ ಸಿಕ್ಕಿತಲ್ಲ ಪಾಪ ಅದಕ್ಕೆ.